ಅಲುಗಾಡುವ ಹಲ್ಲು, ಕವಲೊಡೆದ ಬೇರು: ಕೈಯಲ್ಲಿ ಹಿಡಿದು ನೋಡಿದ ಸಾಧನಗಳು

ಕಲಬುರಗಿಯಲ್ಲಿ ವಸಡಿನ ಚಿಕಿತ್ಸೆಗೆಂದು ನನ್ನ ಬಳಿಗೆ ಬರುವವರಲ್ಲಿ ಅನೇಕರು "ರೊಟ್ಟಿ ಕಡದ್ರ ಹಲ್ಲು ಅಲುಗ್ಯಾಡ್ತದ್ರಿ" ಎಂದೇ ಮಾತು ಆರಂಭಿಸುತ್ತಾರೆ. ಕಡಕ್ ರೊಟ್ಟಿ ತಿನ್ನುವವರಿಗೆ ಹಲ್ಲು ಸಡಿಲವಾದದ್ದನ್ನು ಬೇರೆಯವರು ಹೇಳಬೇಕಾಗಿಲ್ಲ. ಎಷ್ಟು ಸಡಿಲವಾಗಿದೆ ಎಂಬುದನ್ನು ಬರೆದಿಡುವುದು ಮಾತ್ರ ನಮ್ಮ ಕೆಲಸ, ಮತ್ತು ಅಲ್ಲಿಯೇ ನಾವು ಎಡವುತ್ತೇವೆ.

ಮೊದಲ ಕೆಲವು ವರ್ಷ ನಾನು ಎರಡು ಬೆರಳುಗಳ ನಡುವೆ ಹಲ್ಲನ್ನು ಹಿಡಿದು ಅಲುಗಾಡಿಸಿ ನೋಡುತ್ತಿದ್ದೆ. ಬೆರಳ ತುದಿಯ ಮಾಂಸವೇ ಅದುಮಿಕೊಳ್ಳುವುದರಿಂದ ಚಲಿಸಿದ್ದು ಹಲ್ಲೋ ಬೆರಳೋ ಎಂಬುದು ತಿಳಿಯುವುದಿಲ್ಲ. ಒಂದೇ ಹಲ್ಲಿಗೆ ಒಂದೇ ವಾರದಲ್ಲಿ ನಾನು ಒಂದನೆಯ ದರ್ಜೆಯನ್ನೂ ಸಹೋದ್ಯೋಗಿಯೊಬ್ಬರು ಎರಡನೆಯ ದರ್ಜೆಯನ್ನೂ ಬರೆದ ಬಳಿಕ, ಬಾಯಿಗನ್ನಡಿ ಮತ್ತು ವಸಡಿನ ಆಳ ಅಳೆಯುವ ಸಣ್ಣ ಕಡ್ಡಿಯಾದ ಪ್ರೋಬ್‌ಗಳ ಲೋಹದ ಹಿಡಿಕೆಗಳನ್ನು ಹಲ್ಲಿನ ಎರಡೂ ಬದಿಗೆ ಒತ್ತಿ ನೋಡುವ ಹಳೆಯ ಕ್ರಮಕ್ಕೆ ಮರಳಿದೆ. ಮಿಲ್ಲರ್ 1950ರಲ್ಲಿ ರೂಪಿಸಿದ ದರ್ಜೆಗಳು ಸರಳವಾಗಿವೆ: ಸಹಜಕ್ಕಿಂತ ಹೆಚ್ಚಿನ ಚಲನೆ ಮೊದಲು ಗೊತ್ತಾದಾಗ ಒಂದು, ಸುಮಾರು 1 ಮಿ.ಮೀ. ವರೆಗೆ ಎರಡು, ಅದನ್ನು ಮೀರಿದರೆ ಅಥವಾ ಹಲ್ಲು ಕುಳಿಯೊಳಗೆ ಅದುಮಿಕೊಂಡರೆ ಮೂರು. ಬೆಳಗಿನ ಹೊತ್ತು ಹಲ್ಲುಗಳು ತುಸು ಹೆಚ್ಚೇ ಅಲುಗಾಡುವುದರಿಂದ ಮರುಪರೀಕ್ಷೆಗೆ ರೋಗಿಯನ್ನು ಅದೇ ಹೊತ್ತಿಗೆ ಕರೆಯುತ್ತೇನೆ.

ಹಲ್ಲಿನ ಸಡಿಲತೆಯನ್ನು ಅಂಕಿಯಲ್ಲಿ ಅಳೆಯುವ ಪೆರಿಯೋಟೆಸ್ಟ್ ಯಂತ್ರವನ್ನು ನಾನು ಕಲಿತ ಕಾಲೇಜಿನಲ್ಲಿ ಕೆಲವು ತಿಂಗಳು ಬಳಸಿದ್ದೆ. ಅದರ ಪುಟ್ಟ ದಂಡವು 4 ಸೆಕೆಂಡುಗಳಲ್ಲಿ 16 ಬಾರಿ ಹಲ್ಲನ್ನು ತಟ್ಟಿ, −8ರಿಂದ +50ರ ನಡುವಿನ ಅಂಕಿಯೊಂದನ್ನು ಕೊಡುತ್ತದೆ. ಹಿಡಿದ ಕೋನ ಬದಲಾದರೆ ಅಂಕಿಯೂ ಬದಲಾಗುತ್ತದೆ. ಸಡಿಲ ಹಲ್ಲುಗಳನ್ನು ತಂತಿಯಿಂದ ಬಿಗಿಯುವ ಮೊದಲಿನ ಮತ್ತು ನಂತರದ ಸ್ಥಿತಿಯನ್ನು ಹೋಲಿಸಲು ಅದು ಒಳ್ಳೆಯದು; ದಿನನಿತ್ಯದ ತೀರ್ಮಾನಕ್ಕೆ ಎರಡು ಹಿಡಿಕೆಗಳಿಗಿಂತ ಹೆಚ್ಚಿನದೇನೂ ಅದರಿಂದ ನನಗೆ ದೊರೆಯಲಿಲ್ಲ.

ದವಡೆ ಹಲ್ಲಿನ ಬೇರುಗಳು ಬೇರೆಯಾಗುವ ಕವಲಿನಲ್ಲಿ ಮೂಳೆ ಎಷ್ಟು ಕರಗಿದೆ ಎಂದು ತಿಳಿಯುವುದು ಇಷ್ಟು ಸುಲಭವಲ್ಲ. ವಸಡಿನ ಆಳವನ್ನು ಅಳೆಯುವ ನೇರ ಪ್ರೋಬ್‌ ಕೆಳಗಿಳಿಯುತ್ತದೆಯೇ ಹೊರತು ಕವಲಿನೊಳಕ್ಕೆ ಅಡ್ಡವಾಗಿ ತಿರುಗುವುದಿಲ್ಲ. ಬಾಗಿದ ನೇಬರ್ಸ್ ಪ್ರೋಬ್ ಇರುವುದೇ ಅದಕ್ಕಾಗಿ. ಆಳಂದದ ಕಡೆಯಿಂದ ಬಂದಿದ್ದ ಮಧ್ಯವಯಸ್ಸಿನ ಒಬ್ಬರ ಮೇಲಿನ ಮೊದಲ ದವಡೆ ಹಲ್ಲಿನ ಎಕ್ಸ್‌ರೇಯಲ್ಲಿ ನನಗೆ ದೋಷವೇನೂ ಕಾಣಲಿಲ್ಲ, ನೇರ ಪ್ರೋಬ್ 5 ಮಿ.ಮೀ. ತೋರಿಸಿತು. ಆದರೆ ನೇಬರ್ಸ್ ಪ್ರೋಬನ್ನು ಅಂಗುಳಿನ ಕಡೆಯಿಂದ ಮುಂಬದಿಯ ಕವಲಿಗೆ ಹಾಯಿಸಿದಾಗ ಅದು 3 ಮಿ.ಮೀ. ಗುರುತನ್ನು ದಾಟಿ ಒಳಗೆ ಜಾರಿತು. ಮೇಲಿನ ದವಡೆ ಹಲ್ಲುಗಳ ಮುಂಬದಿಯ ಕವಲಿನ ಬಾಯಿ ಅಂಗುಳಿನತ್ತ ಸರಿದಿರುವುದರಿಂದ ಕೆನ್ನೆಯ ಕಡೆಯಿಂದ ಹುಡುಕಿದವರಿಗೆ ಅದು ಸಿಗುವುದಿಲ್ಲ. ಅಂಗುಳಿನ ಬೇರಿನ ನೆರಳು ಬೀಳುವುದರಿಂದ ಎಕ್ಸ್‌ರೇಯೂ ಅದನ್ನು ಮರೆಮಾಚುತ್ತದೆ. ಕೆಳಗಿನ ದವಡೆ ಹಲ್ಲುಗಳಲ್ಲಿ ಕೆನ್ನೆಯ ಬದಿಗೊಂದು, ನಾಲಿಗೆಯ ಬದಿಗೊಂದು ಬಾಯಿ ಮಾತ್ರವಿರುವುದರಿಂದ ಅಲ್ಲಿ ಎಕ್ಸ್‌ರೇಯನ್ನು ಸ್ವಲ್ಪ ಹೆಚ್ಚು ನಂಬಬಹುದು.

ಕವಲಿನ ದರ್ಜೆಗಳಲ್ಲಿ ಗ್ಲಿಕ್‌ಮನ್ 1953ರಲ್ಲಿ ಕೊಟ್ಟ ನಾಲ್ಕು ಹಂತಗಳಿಗಿಂತ, ಹ್ಯಾಂಪ್ ಮತ್ತು ಸಂಗಡಿಗರು 1975ರಲ್ಲಿ ಕೊಟ್ಟ ಮೂರು ಹಂತಗಳೇ ನನಗೆ ಒಗ್ಗಿವೆ. ಪ್ರೋಬ್ ಕವಲಿನೊಳಕ್ಕೆ ಅಡ್ಡಲಾಗಿ ಹೋದದ್ದು 3 ಮಿ.ಮೀ.ಗಿಂತ ಕಡಿಮೆಯಾದರೆ ಒಂದು, ಅದನ್ನು ಮೀರಿಯೂ ಆರಪಾರಾಗದಿದ್ದರೆ ಎರಡು, ಆರಪಾರಾದರೆ ಮೂರು ಎಂಬಲ್ಲಿ ಅಳತೆಯಿದೆ, ಅಂದಾಜಿಲ್ಲ. ನಡುವೆ ಬೆಳೆದ ಮೃದು ಅಂಗಾಂಶ ಪ್ರೋಬನ್ನು ತಡೆದರೆ ಎರಡೂ ಬದಿಯ ಅಳತೆಗಳನ್ನು ಕೂಡಿಸಿ ನೋಡಬೇಕು. ನೋವಿನಿಂದ ರೋಗಿ ತಲೆ ಹಿಂದೆಳೆದರೆ, ಮರಗಟ್ಟಿಸಿದ ಮೇಲೆ ಮತ್ತೊಮ್ಮೆ ಅಳೆಯುತ್ತೇನೆ. ಮೂರು ಆಯಾಮಗಳ ಎಕ್ಸ್‌ರೇಯಾದ ಸಿಬಿಸಿಟಿ ಸ್ಕ್ಯಾನ್ ಎಲ್ಲವನ್ನೂ ಇನ್ನಷ್ಟು ಚೆನ್ನಾಗಿ ತೋರಿಸುತ್ತದೆ, ನಿಜ. ಆದರೆ ಅದರ ವಿಕಿರಣವೂ ಖರ್ಚೂ ಹೆಚ್ಚಾದ್ದರಿಂದ ಶಸ್ತ್ರಚಿಕಿತ್ಸೆ ನಿಶ್ಚಯವಾಗದೆ ಬರೆದುಕೊಡುವುದಿಲ್ಲ.

ಆಳಂದದವರ ಆ ಹಲ್ಲು ಒಂದಿಷ್ಟೂ ಅಲುಗಾಡುತ್ತಿರಲಿಲ್ಲ; ಮೂರು ಬೇರುಗಳ ಹಲ್ಲು ಕವಲಿನವರೆಗೆ ಮೂಳೆ ಕರಗಿದ ಮೇಲೂ ಬಹುಕಾಲ ಗಟ್ಟಿಯಾಗಿಯೇ ನಿಲ್ಲುತ್ತದೆ. ಅವರು ತೋರಿಸಲು ಬಂದದ್ದು ಸಡಿಲಗೊಂಡ ಕೆಳಗಿನ ಮುಂದಿನ ಹಲ್ಲನ್ನು. ಆದ್ದರಿಂದ ಈಗ ದೂರು ಯಾವ ಹಲ್ಲಿನದೇ ಆಗಿರಲಿ, ದವಡೆ ಹಲ್ಲುಗಳಿಗೆ ಮೊದಲು ನೇಬರ್ಸ್ ಪ್ರೋಬ್ ಹಾಯಿಸಿ, ಆಮೇಲೆ ಹಿಡಿಕೆಗಳನ್ನು ಕೈಗೆ ತೆಗೆದುಕೊಳ್ಳುತ್ತೇನೆ.