ಕೆಳಗಿನ ತುರಿಕೆಗೆ ಸಿಕ್ಕ ಆಂಟಿಬಯಾಟಿಕ್ ಮುಲಾಮು ಹಚ್ಚಬೇಡಿ

ಹೆಂಗಸರು ಬಾಯಿಬಿಟ್ಟು ಹೇಳದ ವಿಷಯ ಇದು, ಅದಕ್ಕೇ ನೇರವಾಗಿ ಬರೆಯುತ್ತಿದ್ದೇನೆ. ನಾನು ಯೋನಿಯ ಹೊರಭಾಗದಲ್ಲಿ ತುರಿಕೆ ಅಂದಿದ್ದಕ್ಕೆ ಔಷಧಿ ಅಂಗಡಿಯವರು, "ಇನ್‌ಫೆಕ್ಷನ್ ಇರುತ್ತೆ, ಇದನ್ನ ಹಚ್ಚಿ" ಅಂತ ಆಂಟಿಬಯಾಟಿಕ್ ಮುಲಾಮು ಕೊಟ್ಟರು. ಗಾಯಕ್ಕೆ ಹಚ್ಚುತ್ತಾರಲ್ಲ, ಅಂಥದ್ದು. ಬಿಳಿ ಹೋಗುತ್ತಿದೆಯಾ, ಶುಗರ್ ಇದೆಯಾ ಅಂತ ಒಂದು ಮಾತೂ ಕೇಳಲಿಲ್ಲ.

ಮೊದಲು ಹಾಯೆನಿಸಿತು. ಅದು ಜಿಡ್ಡಿನ ಗುಣ ಅಷ್ಟೇ. ಆಮೇಲೆ ಶುರುವಾಯಿತು ನೋಡಿ. ಚರ್ಮ ಕೆಂಪಗೆ ಊದಿಕೊಂಡು ನೀರು ಜಿನುಗತೊಡಗಿತು. ಮೂತ್ರ ತಾಗಿದರೆ ಮೆಣಸಿನಪುಡಿ ಸವರಿದ ಹಾಗೆ ಉರಿ. ಒಳಉಡುಪಿನ ಹೊಲಿಗೆ ಉಜ್ಜಿದರೂ ತಡೆಯಲು ಆಗುತ್ತಿರಲಿಲ್ಲ. ಮುಲಾಮು ತಾಗಿದ ಜಾಗವೆಲ್ಲ ತೊಡೆಸಂದಿಯವರೆಗೂ ಕೆಂಪು. ಅಂಗಡಿಯಲ್ಲಿ ಕೇಳಿದರೆ, "ಇನ್ನೂ ಸ್ವಲ್ಪ ದಪ್ಪಗೆ ಹಚ್ಚಿ!"

ಡಾಕ್ಟರ್ ಟ್ಯೂಬ್ ತಿರುಗಿಸಿ 'ನಿಯೋಮೈಸಿನ್' ಅನ್ನುವ ಹೆಸರಿನ ಮೇಲೆ ಬೆರಳಿಟ್ಟರು. ಚರ್ಮದ ಅಲರ್ಜಿಗೆ ಹೆಸರಾದ ಔಷಧಿ. ಚರ್ಮಕ್ಕೆ ತಾಗಿ ಆಗುವ ಅಲರ್ಜಿಗಳ ಬಗ್ಗೆ ಕೆಲಸ ಮಾಡುವ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2010ರಲ್ಲಿ ಇದನ್ನು 'ವರ್ಷದ ಅಲರ್ಜನ್' (ಅಲರ್ಜಿ ತರುವ ವಸ್ತು) ಅಂತ ಆರಿಸಿತ್ತು. ಇಂಥದ್ದೇ ಇನ್ನೊಂದು ಆಂಟಿಬಯಾಟಿಕ್ ಬ್ಯಾಸಿಟ್ರಾಸಿನ್‌ಗೆ ಆ ಪಟ್ಟ 2003ರಲ್ಲೇ ಸಿಕ್ಕಿತ್ತು. ಒಳ್ಳೆ ಪ್ರಶಸ್ತಿ ಅಲ್ವಾ? ಈ ಅಲರ್ಜಿ ಹಚ್ಚಿದ ಕೂಡಲೇ ಕಾಣುವುದಿಲ್ಲ, ಸಾಮಾನ್ಯವಾಗಿ ಒಂದೆರಡು ದಿನ ತಡವಾಗಿ ಏಳುತ್ತದೆ. ಹಾಗಾಗಿ ಯಾರಿಗೂ ಮುಲಾಮಿನ ಮೇಲೆ ಅನುಮಾನ ಬರುವುದಿಲ್ಲ. ರೋಗವೇ ಜಾಸ್ತಿಯಾಯಿತು ಅಂದುಕೊಂಡು ಮತ್ತೆ ಮತ್ತೆ ಹಚ್ಚುತ್ತಾರೆ.

ಇಷ್ಟಕ್ಕೂ ಹತ್ತಿಕಡ್ಡಿಯಲ್ಲಿ ಸ್ಯಾಂಪಲ್ (ಸ್ವಾಬ್) ತೆಗೆದು ನೋಡಿದರೆ ಇದ್ದದ್ದು ಕ್ಯಾಂಡಿಡಾ, ಅಂದರೆ ಫಂಗಸ್. ಆಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಫಂಗಸ್‌ಗೆ ಅದರಿಂದ ಏನೂ ಆಗುವುದಿಲ್ಲ.

ಎಲ್ಲರದ್ದೂ ಫಂಗಸ್ಸೇ ಆಗಿರಬೇಕಿಲ್ಲ. ಸೋಪು, ವಾಸನೆಯ ವಾಶ್, ಪ್ಯಾಡ್ ಒಗ್ಗದೆ ತುರಿಸಬಹುದು. ಮುಟ್ಟು ನಿಂತ ಮೇಲೆ ಒಣಗಿ ತುರಿಸಬಹುದು. ಚರ್ಮ ಬೆಳ್ಳಗೆ, ತೆಳ್ಳಗೆ ಆಗಿದ್ದರೆ ಲೈಕೆನ್ ಸ್ಕ್ಲೆರೋಸಸ್ ಅನ್ನುವ ಚರ್ಮದ ಕಾಯಿಲೆ ಇರಬಹುದು. ಅದಕ್ಕೆ ಸ್ಟೀರಾಯ್ಡ್ ಮುಲಾಮು ಬೇಕು, ಅದನ್ನೂ ಡಾಕ್ಟರೇ ಬರೆಯಬೇಕು. ಇವು ಯಾವುದಕ್ಕೂ ಆ ಟ್ಯೂಬ್ ಮದ್ದಲ್ಲ.

ನನಗೆ ಮುಲಾಮು, ಸೋಪು ಎರಡನ್ನೂ ಬಿಡಿಸಿದರು. ಬರೀ ನೀರಲ್ಲಿ ತೊಳೆದು, ಒತ್ತಿ ಒರೆಸಿ, ವಾಸನೆ ಇಲ್ಲದ ಪೆಟ್ರೋಲಿಯಂ ಜೆಲ್ಲಿ ಸವರುವುದು. ಊತಕ್ಕೆ ಬೇರೆ ಔಷಧಿ, ಫಂಗಸ್‌ಗೆ ಬೇರೆ. ಊತ ಇಳಿಯಲು ಚೆನ್ನಾಗಿಯೇ ಟೈಮ್ ಹಿಡಿಯಿತು.

ತುರಿಕೆಗೆಂದೇ ಮಾರುವ ಕ್ರೀಮಿನಲ್ಲಿ ಬೆಂಜೊಕೇನ್ ಅನ್ನುವ ಮರಗಟ್ಟಿಸುವ ಔಷಧಿ ಇದ್ದರೂ ಹುಷಾರು, ಅದಕ್ಕೂ ಅಲರ್ಜಿ ಆಗುವವರಿದ್ದಾರೆ. ಡಾಕ್ಟರ್ ಹತ್ತಿರ ಹೋಗುವಾಗ ಅಲ್ಲಿಯವರೆಗೆ ಹಚ್ಚಿದ ಟ್ಯೂಬ್‌ಗಳನ್ನೆಲ್ಲ ತೆಗೆದುಕೊಂಡು ಹೋಗಿ, ಖಾಲಿಯಾಗಿದ್ದರೂ ಸರಿ.