ಆಲೂಗೆಡ್ಡೆ ಚಿಪ್ಸ್: ಬಾಣಲೆಯೋ, ಏರ್ ಫ್ರೈಯರ್ರೋ, ತಾರಸಿ ಬಿಸಿಲೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಿಸಿಲಲ್ಲಿ ಒಣಗಿಸಿಟ್ಟ ಚಿಪ್ಸ್‌ಗೆ. ಹಬ್ಬದ ಆಫರ್‌ನಲ್ಲಿ ಏರ್ ಫ್ರೈಯರ್ ಮನೆಗೆ ಬಂದ ಮೇಲೆ ಆ ಅಭಿಪ್ರಾಯ ಇನ್ನೂ ಗಟ್ಟಿಯಾಯಿತು. ಸುತ್ತ ಹೊಲದಲ್ಲೆಲ್ಲ ಆಲೂಗೆಡ್ಡೆ ಬೆಳೆಯುವ ಹಾಸನದಲ್ಲಿ ಕೂತು ಚಿಪ್ಸ್ ಪ್ಯಾಕೆಟ್ ಕೊಳ್ಳುವುದಕ್ಕೆ ನಮ್ಮತ್ತೆ ಒಪ್ಪುವುದಿಲ್ಲ. ಹಾಗಾಗಿ ಮೂರು ದಾರಿಯನ್ನೂ ನೋಡಿದ್ದಾಗಿದೆ: ಹಸಿ ಹೋಳನ್ನು ನೇರ ಎಣ್ಣೆಗೆ ಬಿಡುವುದು, ಏರ್ ಫ್ರೈಯರ್, ಇಲ್ಲವೇ ಬೇಸಿಗೆಯಲ್ಲೇ ಬೇಯಿಸಿ ಒಣಗಿಸಿಟ್ಟು ಬೇಕಾದಾಗ ಕರಿಯುವುದು.

ರುಚಿ ಒಂದೇ ಲೆಕ್ಕ ಅಂದರೆ ಬಾಣಲೆಯಿಂದ ಆಗಷ್ಟೇ ತೆಗೆದ ಹಸಿ ಚಿಪ್ಸ್ ಮುಂದೆ ಯಾವುದೂ ನಿಲ್ಲುವುದಿಲ್ಲ. ಅದನ್ನು ಒಪ್ಪಲೇಬೇಕು. ತೊಂದರೆ ಇರುವುದು ಬಣ್ಣದಲ್ಲಿ.

ಜೂನ್, ಜುಲೈನಲ್ಲಿ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ದಪ್ಪ ದಪ್ಪ ಗೆಡ್ಡೆ ನೋಡಿ ಆಸೆಪಟ್ಟು ತರುತ್ತೇವೆ. ಹೋಳು ಎಣ್ಣೆಗೆ ಬಿದ್ದ ಸ್ವಲ್ಪ ಹೊತ್ತಿಗೆ ಅಂಚು ಕಂದಾಗುತ್ತದೆ, ಹಿಂದೆಯೇ ನಡುವೆ ಮಚ್ಚೆ ಏಳುತ್ತದೆ. ಎಣ್ಣೆಯ ಗುಳ್ಳೆ ಇನ್ನೂ ನಿಂತಿರುವುದಿಲ್ಲ, ಅಂದರೆ ಒಳಗೆ ನೀರು ಇದ್ದೇ ಇದೆ. ಆಗ ತೆಗೆದರೆ ಮೆತ್ತಗೆ, ಬಿಟ್ಟರೆ ಕಹಿ. ಉರಿ ಸಣ್ಣ ಮಾಡಿದರೆ ಎಣ್ಣೆ ಕುಡಿಯುತ್ತದೆ. ತಣ್ಣೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಒರೆಸಿ, ಅಕ್ಕಿಹಿಟ್ಟು ಉದುರಿಸಿ, ಏನು ಮಾಡಿದರೂ ಅಷ್ಟೇ.

ಇದು ಕರಿಯುವವರ ಕೈಯ ತಪ್ಪಲ್ಲ, ಗೆಡ್ಡೆಯದ್ದು. ಆ ಹೊತ್ತಿಗೆ ಸಿಗುವುದು ಹೆಚ್ಚಾಗಿ ಕೋಲ್ಡ್ ಸ್ಟೋರೇಜ್ ಮಾಲು. 2ರಿಂದ 4 ಡಿಗ್ರಿ ಚಳಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಗೆಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗುತ್ತದೆ. ಬಿಸಿ ಎಣ್ಣೆಯಲ್ಲಿ ಆ ಸಕ್ಕರೆಯೇ ಬೇಗ ಕಂದಾಗುವುದು. ಹೀಗೆ ಕಂದಾದಷ್ಟೂ ಅಕ್ರಿಲಮೈಡ್ ಅನ್ನುವ ಬೇಡದ ವಸ್ತುವೂ ಜಾಸ್ತಿ. ಚಿಪ್ಸ್ ಕಾರ್ಖಾನೆಯವರು ಗೆಡ್ಡೆಯನ್ನು ಅಷ್ಟು ತಣ್ಣಗೆ ಇಡುವುದಿಲ್ಲ, 10 ಡಿಗ್ರಿ ಆಸುಪಾಸಿನಲ್ಲಿ ಇಡುತ್ತಾರೆ. ಅವರು ಬಳಸುವ ತಳಿಯೂ ಬೇರೆ. ಶಿಮ್ಲಾದ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ಚಿಪ್ಸ್‌ಗೆಂದೇ ಕುಫ್ರಿ ಚಿಪ್ಸೋನಾ ತಳಿಗಳನ್ನು ಮಾಡಿದೆ. ಅದರಲ್ಲಿ ನೀರು ಕಡಿಮೆ, ಸಕ್ಕರೆಯೂ ಕಡಿಮೆ. ನಮ್ಮ ಕಡೆ ಬಹಳ ವರ್ಷದಿಂದ ಬೆಳೆಯುವುದು ಕುಫ್ರಿ ಜ್ಯೋತಿ. ಸಾರಿಗೆ, ಪಲ್ಯಕ್ಕೆ ಅದು ಚೆನ್ನ. ಕರಿಯುವುದಕ್ಕೆ ನೀರಿನಂಶ ಜಾಸ್ತಿಯೇ.

ನಮ್ಮ ತರಕಾರಿಯವನು ಒಳ್ಳೆಯವನು. "ಅಕ್ಕ, ಇದು ಸಾರಿಗೆ ತಗೊಳ್ಳಿ, ಚಿಪ್ಸ್‌ಗೆ ಬೇಡ" ಅಂತ ಅವನೇ ಹೇಳುತ್ತಾನೆ. ಅಂಥ ಗೆಡ್ಡೆ ತಂದಾಗಿದ್ದರೆ ಎರಡು ವಾರ ಫ್ರಿಜ್ಜಿನ ಹೊರಗೆ, ಕತ್ತಲಲ್ಲಿ, ಗಾಳಿಯಾಡುವ ಬುಟ್ಟಿಯಲ್ಲಿ ಇಡಬೇಕು. ಸಕ್ಕರೆ ಕೊಂಚ ಇಳಿಯುತ್ತದೆ. ಆದರೆ ಚಿಪ್ಸ್ ತಿನ್ನಬೇಕು ಅನ್ನಿಸಿದ ಮೇಲೆ ಎರಡು ವಾರ ಯಾರು ಕಾಯುತ್ತಾರೆ, ಅಲ್ವಾ? ಆಗಸ್ಟ್, ಸೆಪ್ಟೆಂಬರ್‌ನಲ್ಲಿ ನಮ್ಮೂರಿನ ಹೊಸ ಬೆಳೆ ಬಂದಾಗ ಮಾತ್ರ ಈ ಗೋಳಿಲ್ಲ. ಆಗ ನಾನೂ ಧಾರಾಳವಾಗಿ ಹಸಿ ಚಿಪ್ಸ್ ಮಾಡುತ್ತೇನೆ.

ಏರ್ ಫ್ರೈಯರ್‌ಗೆ ಬರೋಣ. ಎಣ್ಣೆ ಒಂದು ಚಮಚ ಸಾಕು, ಆ ಮಾತು ನಿಜ. ಆದರೆ ಹೋಳುಗಳನ್ನು ಒಂದರ ಮೇಲೊಂದು ಹಾಕುವ ಹಾಗಿಲ್ಲ. ಒಂದು ಸಲಕ್ಕೆ ಒಬ್ಬರಿಗೂ ಸಾಲದಷ್ಟು, ಅದಕ್ಕೆ ಕಾಲು ಗಂಟೆ. ತೆಳ್ಳಗೆ ಹೆಚ್ಚಿದ ಹೋಳು ನೀರಾರುತ್ತಿದ್ದ ಹಾಗೆ ಹಗುರವಾಗಿ ಫ್ಯಾನಿನ ಗಾಳಿಗೆ ಮೇಲೆ ಹಾರುತ್ತದೆ, ಮೇಲಿನ ಬಿಸಿ ಕಾಯಿಲ್ ಕೆಳಗಿನ ಜಾಲರಿಗೆ ಅಂಟಿ ಕರಕಲಾಗುತ್ತದೆ. ಮೇಲೆ ಸ್ಟೀಲ್ ಸ್ಟ್ಯಾಂಡ್ ಹೇರಿ ಕೂರಿಸಬೇಕು. ಕೋಲ್ಡ್ ಸ್ಟೋರೇಜ್ ಗೆಡ್ಡೆ ಇಲ್ಲೂ ಕಂದಾಗುವುದು ತಪ್ಪುವುದಿಲ್ಲ. ಮಳೆಗಾಲದ ಸಂಜೆ ಕರೆಂಟ್ ಹೋದರಂತೂ ಮುಗಿಯಿತು. ಈಗ ನಮ್ಮನೆಯಲ್ಲಿ ಅದು ಕಡ್ಲೆಕಾಯಿ ಬೀಜ ಹುರಿಯುವುದಕ್ಕೆ, ಮೆತ್ತಗಾದ ನಿಪ್ಪಟ್ಟು ಬಿಸಿ ಮಾಡುವುದಕ್ಕೆ.

ಇನ್ನು ನನ್ನ ಒಣ ಚಿಪ್ಸ್. ಫೆಬ್ರವರಿ, ಮಾರ್ಚ್‌ನಲ್ಲಿ ಉತ್ತರದ ಕಡೆಯ ಹೊಸ ಬೆಳೆ ಬಂದು ಗೆಡ್ಡೆ ಅಗ್ಗವಾಗಿರುತ್ತದೆ, ನಮ್ಮಲ್ಲಿ ಬಿಸಿಲೂ ಜೋರು. ಹೋಳು ಹಸಿ ಚಿಪ್ಸ್‌ಗಿಂತ ಸ್ವಲ್ಪ ದಪ್ಪ ಇರಲಿ. ತೊಳೆದ ನೀರು ತಿಳಿಯಾಗುವವರೆಗೆ ತೊಳೆದು, ಕುದಿಯುವ ನೀರಿಗೆ ಹಾಕಿ ಮೂರು ನಾಲ್ಕು ನಿಮಿಷ. ಒಂದು ಹೋಳು ಎತ್ತಿ ಬಗ್ಗಿಸಿದರೆ ಬಗ್ಗಬೇಕು, ಮುರಿಯಬಾರದು. ಈ ಬಿಸಿನೀರಲ್ಲೇ ಸಕ್ಕರೆ ಸಾಕಷ್ಟು ಬಿಟ್ಟುಹೋಗುತ್ತದೆ, ಅದಕ್ಕೇ ಇದು ಕರಿದಾಗ ಬೆಳ್ಳಗಿರುವುದು. ನೀರಿಗೆ ಉಪ್ಪು ಕೈ ಹಿಡಿದು ಹಾಕಿ. ಹೋಳು ಒಣಗಿ ಕುಗ್ಗಿದ ಮೇಲೆ ಉಪ್ಪು ಎದ್ದು ಕಾಣುತ್ತದೆ. ಆಮೇಲೆ ಹಳೇ ಪಂಚೆಯ ಮೇಲೆ ಹರಡಿ ತಾರಸಿಗೆ. ಮಧ್ಯಾಹ್ನ ಒಂದು ಸಲ ಮಗುಚಬೇಕು, ಇಲ್ಲದಿದ್ದರೆ ಬಟ್ಟೆಗೆ ಅಂಟುತ್ತದೆ. ಎರಡು ಮೂರು ದಿನಕ್ಕೆ ಗಾಜಿನ ಚೂರಿನಂತೆ ಆಚೆ ಈಚೆ ಕಾಣುವಷ್ಟಾಗಿ, ಮೊರದಲ್ಲಿ ಕೇರಿದರೆ ಗಲಗಲ ಅನ್ನುತ್ತದೆ. 5 ಕೆ.ಜಿ. ಹಾಕಿದರೆ 1 ಕೆ.ಜಿ. ಆಸುಪಾಸು ಸಿಗುತ್ತದೆ. ಕೋತಿ ಕಾಯುವ ಕೆಲಸ ಮಕ್ಕಳಿಗೆ.

ಕರಿಯುವಾಗ ಎಣ್ಣೆ ಚೆನ್ನಾಗಿ ಕಾದಿರಲಿ. ಹಾಕಿದ ಕ್ಷಣಕ್ಕೆ ಅರಳುತ್ತದೆ, ತಕ್ಷಣ ತೆಗೆಯಬೇಕು. ನೀರಿಲ್ಲದ್ದರಿಂದ ಸಿಡಿಯುವುದಿಲ್ಲ. ಕಾಫಿ ಸೋಸುವಷ್ಟರಲ್ಲಿ ತಟ್ಟೆ ತುಂಬ ಚಿಪ್ಸ್. ಹೇಳದೆ ಕೇಳದೆ ನೆಂಟರು ಬರುವ ನಮ್ಮಂಥ ಮನೆಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಖಾರದ ಪುಡಿ, ಇಂಗು ಬೆರೆಸಿದರೆ ಅನ್ನ ಸಾರಿಗೂ ಆಗುತ್ತದೆ.

ತಾರಸಿ ಇಲ್ಲದ ಬಾಡಿಗೆ ಮನೆಯಲ್ಲಿ ಇಬ್ಬರೇ ಇದ್ದೀರಾ? ಸುಮ್ನೆ ಬಾಣಲೆ ಸಾಕು, ಗೆಡ್ಡೆ ಹೊಸದೋ ಹಳೇದೋ ಕೇಳಿ ತನ್ನಿ. ಹೊಸ ಗೆಡ್ಡೆಯ ಸಿಪ್ಪೆ ಹೆಬ್ಬೆರಳಲ್ಲಿ ಉಜ್ಜಿದರೆ ಏಳುತ್ತದೆ. ಏರ್ ಫ್ರೈಯರ್ ಬೇರೆ ಅಡುಗೆಗೆ ಬೇಕಿದ್ದರೆ ಕೊಳ್ಳಿ, ಚಿಪ್ಸ್‌ಗೆಂದು ಸಾವಿರಗಟ್ಟಲೆ ಕೊಡಬೇಡಿ. ಆ ದುಡ್ಡಿಗೆ ಒಳ್ಳೆಯ ಕಬ್ಬಿಣದ ಬಾಣಲೆ, ಚಿಪ್ಸ್ ಮಣೆ ಎರಡೂ ಬಂದು, ಎಣ್ಣೆಗೂ ದುಡ್ಡು ಮಿಗುತ್ತದೆ.