ನಾಯಿ ಕಡಿತಕ್ಕೆ ತಾಲ್ಲೂಕು ಆಸ್ಪತ್ರೆಯ ಚಿಕಿತ್ಸೆ: ಲಸಿಕೆ ಉತ್ತಮ, ಗಾಯದ ಆರೈಕೆ ಸಾಲದು

ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾಯಿ ಕಡಿತಕ್ಕೆ ಸಿಗುವ ಚಿಕಿತ್ಸೆ ಹೇಗಿದೆ ಎಂಬುದನ್ನು, ಅಣ್ಣನ ಏಳು ವರ್ಷದ ಮಗನಿಗೆ ಅಲ್ಲಿ ಎಲ್ಲ ಡೋಸ್‌ಗಳನ್ನೂ ಹಾಕಿಸಿದ ಮೇಲೆ ಬರೆಯುತ್ತಿದ್ದೇನೆ. ಲಸಿಕೆ ಹಾಕುವ ಕೆಲಸ ಅಲ್ಲಿ ಬಹಳ ಅಚ್ಚುಕಟ್ಟಾಗಿ ನಡೆಯುತ್ತದೆ; ಆದರೆ ಗಾಯಕ್ಕೇ ಮಾಡಬೇಕಾದ ಚಿಕಿತ್ಸೆಯಲ್ಲಿ ದೊಡ್ಡ ಕೊರತೆಯಿದೆ. ರೇಬೀಸ್‌ನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪವಾದ್ದರಿಂದ ಆ ಕೊರತೆಯನ್ನು ಸಣ್ಣದೆಂದು ತಳ್ಳಿಹಾಕಲಾಗದು.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ಚೀಟಿ ಮಾಡಿಸಿದ ಕೂಡಲೇ ಲಸಿಕೆ ಕೊಠಡಿಗೆ ಕಳುಹಿಸುತ್ತಾರೆ. ಯಾರೂ ಹಣ ಕೇಳುವುದಿಲ್ಲ. ಅಲ್ಲಿ ಅನುಸರಿಸುವುದು ಚರ್ಮದ ಪದರದೊಳಗೆ ಲಸಿಕೆ ಹಾಕುವ ವಿಧಾನ. ಮೊದಲ ಡೋಸ್ ಹಾಕಿದ ದಿನವನ್ನು 0 ಎಂದು ಎಣಿಸಿ, ಅಲ್ಲಿಂದ 3, 7 ಮತ್ತು 28ನೇ ದಿನಗಳಂದು ಪ್ರತಿ ಸಲವೂ ಎರಡು ತೋಳುಗಳಿಗೆ ತಲಾ 0.1 ಮಿಲಿಲೀಟರ್ ಕೊಡುತ್ತಾರೆ. ಸ್ನಾಯುವಿಗೆ ಕೊಡುವ ಐದು ಡೋಸ್‌ಗಳ ವಿಧಾನದಲ್ಲಿ ಪ್ರತಿ ಡೋಸಿಗೂ ಒಂದು ಪೂರ್ಣ ಬಾಟಲಿ ಬೇಕಾಗುತ್ತದೆ. ಇಲ್ಲಿ ಅದೇ ಬಾಟಲಿ ಹಲವರಿಗೆ ಸಾಕಾಗುತ್ತದೆ. ಆದರೆ ಇದಕ್ಕೆ ಕೈಪಳಗಿರಬೇಕು. ಸೂಜಿ ಚರ್ಮವನ್ನು ದಾಟಿ ಒಳಗಿಳಿದರೆ ಆ ಡೋಸನ್ನು ಮತ್ತೆ ಹಾಕಬೇಕಾಗುತ್ತದೆ. ಸರಿಯಾಗಿ ಬಿದ್ದರೆ ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿಗಳಿರುವ ಗುಳ್ಳೆಯೊಂದು ಏಳುತ್ತದೆ. ಅಲ್ಲಿನ ಶುಶ್ರೂಷಕಿ ಪ್ರತಿ ಸಲವೂ ಆ ಗುಳ್ಳೆಯನ್ನು ನಮಗೆ ತೋರಿಸಿಯೇ ಮುಂದಿನವರನ್ನು ಕರೆದರು. ಬೆರೆಸಿದ ಲಸಿಕೆಯನ್ನು ಕೆಲವೇ ಗಂಟೆಗಳೊಳಗೆ ಬಳಸಿ ಮುಗಿಸಬೇಕೆಂಬ ಕಾರಣಕ್ಕೆ ಇನ್ನಷ್ಟು ಜನ ಸೇರಲೆಂದು ಕಾಯಿಸುವುದುಂಟೆಂದು ಕೇಳಿದ್ದೆ. ಇಲ್ಲಿ ನಾವೊಬ್ಬರೇ ಇದ್ದ ದಿನವೂ ಹೊಸ ಬಾಟಲಿ ತೆರೆದರು. ಹೊಟ್ಟೆಗೆ 14 ಇಂಜೆಕ್ಷನ್ ಎಂದು ಹೆದರಿದ್ದ ಅಜ್ಜಿಯೊಬ್ಬರಿಗೆ, ಅದು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯ ಕಾಲದ ಮಾತು, ಆ ಲಸಿಕೆಯನ್ನು ನಮ್ಮ ದೇಶದಲ್ಲಿ ನಿಲ್ಲಿಸಿ ಎಷ್ಟೋ ವರ್ಷಗಳಾದವು ಎಂದು ಅದೇ ಶುಶ್ರೂಷಕಿ ಸಮಾಧಾನವಾಗಿ ತಿಳಿಸಿದರು. ಇಂಥ ಮಾತಿಗೂ ಚಿಕಿತ್ಸೆಯಷ್ಟೇ ಬೆಲೆಯಿದೆ, ಏಕೆಂದರೆ ಆ ಹೆದರಿಕೆಯಿಂದಲೇ ದವಾಖಾನೆಯ ಮೆಟ್ಟಿಲು ಹತ್ತದವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ.

ಇನ್ನು ಗಾಯದ ವಿಷಯ. ಕಡಿದ ಜಾಗವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯುವುದೇ ಮೊದಲ ಚಿಕಿತ್ಸೆ. ನರವನ್ನು ಸೇರುವ ಮುನ್ನವೇ ವೈರಸ್ಸಿನ ಬಹುಪಾಲು ಅಲ್ಲಿಯೇ ತೊಳೆದುಹೋಗುತ್ತದೆ, ಸಾಬೂನು ಅದರ ಹೊರಕವಚವನ್ನೂ ಒಡೆಯುತ್ತದೆ. ಗಾಯಕ್ಕೆ ಅರಿಶಿನ, ಸುಣ್ಣ, ಖಾರದ ಪುಡಿ ಮೆತ್ತಿಕೊಂಡು ಬರುವವರು ನಮ್ಮ ಕಡೆ ಬಹಳ. ಅವರಿಗಂತೂ ಇದು ಇನ್ನೂ ಅಗತ್ಯ. ಆದರೆ ಆ ಆಸ್ಪತ್ರೆಯ ಲಸಿಕೆ ಕೊಠಡಿಯ ಬಳಿ ನಲ್ಲಿಯಿದೆ, ಸಾಬೂನಿಲ್ಲ. ತೊಳೆದುಕೊಂಡಿರಾ ಎಂದು ಕೇಳುವವರೂ ಇಲ್ಲ. ಹತ್ತಿಯಲ್ಲಿ ಔಷಧ ಒರೆಸಿ ಮುಗಿಸಿಬಿಡುತ್ತಾರೆ.

ಅದಕ್ಕಿಂತಲೂ ದೊಡ್ಡ ಲೋಪ ಇಮ್ಯುನೊಗ್ಲಾಬ್ಯುಲಿನ್‌ನದು. ಚರ್ಮ ಸೀಳಿ ರಕ್ತ ಬಂದಿದ್ದರೆ ಅದು ಮೂರನೇ ವರ್ಗದ, ಅಂದರೆ ಅತಿ ಗಂಭೀರವಾದ ಕಡಿತ. ಲಸಿಕೆ ಹಾಕಿದ ಮೇಲೆ ದೇಹ ತನ್ನದೇ ಪ್ರತಿಕಾಯಗಳನ್ನು ತಯಾರಿಸಿಕೊಳ್ಳಲು ಒಂದೆರಡು ವಾರ ಬೇಕು. ಆ ನಡುವೆ ವೈರಸ್ಸನ್ನು ಗಾಯದಲ್ಲಿಯೇ ತಡೆಯಲು ಸಿದ್ಧ ಪ್ರತಿಕಾಯಗಳಿರುವ ಈ ಔಷಧವನ್ನು ಗಾಯದ ಒಳಗೂ ಸುತ್ತಲೂ ಚುಚ್ಚಬೇಕು. ಕುದುರೆಯ ರಕ್ತದಿಂದ ತಯಾರಿಸಿದ್ದಾದರೆ ಕಿಲೋ ತೂಕಕ್ಕೆ 40, ಮನುಷ್ಯರ ರಕ್ತದಿಂದ ತಯಾರಿಸಿದ್ದಾದರೆ 20 ಅಂತರರಾಷ್ಟ್ರೀಯ ಘಟಕಗಳು ಇದರ ಗರಿಷ್ಠ ಪ್ರಮಾಣ. ಮೊದಲ ದಿನವೇ ಕೊಡುವುದು ಒಳ್ಳೆಯದು. ಆಗದಿದ್ದರೆ ಮೊದಲ ಡೋಸ್‌ನಿಂದ ಏಳು ದಿನದೊಳಗಾದರೂ ಕೊಡಲೇಬೇಕು, ಆಮೇಲೆ ಕೊಡುವಂತಿಲ್ಲ. ನಮ್ಮ ಹುಡುಗನಿಗೆ ಕಡಿತವಾಗಿದ್ದು ಬೆರಳಿಗೆ; ನರಗಳು ದಟ್ಟವಾಗಿರುವ ಕೈ ಮತ್ತು ಮುಖದ ಗಾಯಗಳಲ್ಲಿ ತಡ ಮಾಡುವಂತಿಲ್ಲ. ಅಲ್ಲಿ ಸಿಕ್ಕ ಉತ್ತರ, ಔಷಧ ದಾಸ್ತಾನಿಲ್ಲ, ಕಲಬುರಗಿಗೆ ಹೋಗಿ ಎಂಬುದಷ್ಟೇ. ನಾವು ಅಂದೇ ಸಂಜೆ ಕಲಬುರಗಿಗೆ ಹೋಗಿ ಹಾಕಿಸಿದೆವು.

ನಮ್ಮ ಹಿಂದೆಯೇ ಸಾಲಿನಲ್ಲಿದ್ದ, ತಾಂಡಾದಿಂದ ಬಂದಿದ್ದ ಹೆಣ್ಣುಮಗಳೊಬ್ಬಳಿಗೆ ಮೀನಖಂಡದಲ್ಲಿ ಆಳವಾದ ಗಾಯವಾಗಿತ್ತು. ಆಕೆಗೂ ಇದೇ ಮಾತನ್ನು ಬಾಯಲ್ಲಿ ಹೇಳಿದರು. ಚೀಟಿಯಲ್ಲಿ ಗಾಯದ ವರ್ಗವನ್ನಾಗಲಿ, ಏಳು ದಿನದ ಗಡುವನ್ನಾಗಲಿ ಬರೆಯಲಿಲ್ಲ. ತೊಗರಿ ರಾಶಿಯ ದಿನಗಳಲ್ಲಿ ಕೂಲಿ ಬಿಟ್ಟು ಬಂದಿದ್ದ ಆಕೆ, ಇಂಜೆಕ್ಷನ್ ಆಯಿತಲ್ಲ ಎಂದುಕೊಂಡು ಊರಿನ ಬಸ್ಸು ಹಿಡಿಯಲು ಹೊರಟಿದ್ದಳು. ಇನ್ನೊಂದು ಔಷಧ ಬಾಕಿಯಿದೆ ಎಂದು ನಾವು ತಡೆದು ಹೇಳಿದ ಮೇಲೆಯೇ ಆಕೆಗೆ ತಿಳಿದದ್ದು. ದಾಸ್ತಾನು ಇಲ್ಲದಿರುವುದು ಆ ಸಿಬ್ಬಂದಿಯ ತಪ್ಪಲ್ಲದಿರಬಹುದು. ಆದರೆ ಚೀಟಿಯಲ್ಲಿ ಎರಡು ಸಾಲು ಬರೆದು, ಎಲ್ಲಿಗೆ, ಎಷ್ಟರೊಳಗೆ ಹೋಗಬೇಕೆಂದು ಹೇಳಲು ಯಾವ ದಾಸ್ತಾನೂ ಬೇಕಿಲ್ಲ. ನಾಯಿಯಿಂದ ಬರುವ ರೇಬೀಸ್‌ನ ಸಾವುಗಳನ್ನು 2030ರೊಳಗೆ ಇಲ್ಲವಾಗಿಸುವ ರಾಷ್ಟ್ರೀಯ ಕ್ರಿಯಾ ಯೋಜನೆ 2021ರಲ್ಲೇ ಬಂದಿದೆ. ಅದು ನಿಜವಾಗಬೇಕಾದದ್ದು ಇಂಥ ಕೊಠಡಿಗಳಲ್ಲಿಯೇ.

ಲಸಿಕೆ ಕಾರ್ಡಿನಲ್ಲಿ ಮುಂದಿನ ದಿನಾಂಕಗಳನ್ನು ಸ್ಪಷ್ಟವಾಗಿ ಬರೆದುಕೊಡುತ್ತಾರೆ, ಆದರೆ ಸೂಚನೆಗಳು ಇಂಗ್ಲಿಷಿನಲ್ಲಿವೆ. ಗಾಯ ಮಾಯ್ದ ಮೇಲೆ ಬರುವ 28ನೇ ದಿನದ ಡೋಸನ್ನು ಮರೆಯುವುದು ಸುಲಭ. ಅದರ ಮಹತ್ವವನ್ನು ಕನ್ನಡದಲ್ಲಿ ಅಚ್ಚುಮಾಡಿದರೆ ಉಪಕಾರವಾದೀತು.

ಲಸಿಕೆಗಾಗಿ ಈ ಆಸ್ಪತ್ರೆಗೆ ಧೈರ್ಯವಾಗಿ ಹೋಗಬಹುದೆಂಬುದು ನನ್ನ ಅಭಿಪ್ರಾಯ. ಖಾಸಗಿ ದವಾಖಾನೆಗೆ ದುಡ್ಡು ಸುರಿಯಬೇಕಿಲ್ಲ. ಮನೆಯಲ್ಲಿಯೇ ಗಾಯವನ್ನು ಚೆನ್ನಾಗಿ ತೊಳೆದುಕೊಂಡು ಹೋಗಿ. ಕಡಿದದ್ದು ಸಾಕಿದ ನಾಯಿಯಾದರೆ ಅದರ ಮೇಲೆ ಹತ್ತು ದಿನ ಕಣ್ಣಿಡಿ, ಆದರೆ ಅದಕ್ಕಾಗಿ ಮೊದಲ ಡೋಸನ್ನು ಮುಂದಕ್ಕೆ ಹಾಕಬೇಡಿ. ರಕ್ತ ಬಂದಿದ್ದರೆ, ಇಮ್ಯುನೊಗ್ಲಾಬ್ಯುಲಿನ್ ಇದೆಯೇ ಎಂದು ವೈದ್ಯರನ್ನು ನೀವೇ ಕೇಳಿ. ಇಲ್ಲವೆಂದರೆ, ಎಲ್ಲಿ ಸಿಗುತ್ತದೆಂದು ಚೀಟಿಯ ಮೇಲೆ ಬರೆಸಿಕೊಂಡೇ ಹೊರಡಿ. ರವಿವಾರ ಮತ್ತು ರಜೆಯ ದಿನಗಳಲ್ಲಿ ಲಸಿಕೆ ಕೊಠಡಿಗೆ ಬೀಗವಿರುತ್ತದೆ. ಅಂದು ಪಕ್ಕದ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೇಳಿದರೆ ಅಲ್ಲಿಯೇ ಹಾಕುತ್ತಾರೆ.